ನಿಮಗಿದು ಗೊತ್ತೇ? ಮಸುಕು ಬಿಡಿಸಿದ ಮೇಲೆ ತಾಳೆ ನೋಡುವುದು ಹೇಗೆ?

● ಕೈ ಅಲುಗಿ ಮಸುಕಾದ ಫೋಟೊವನ್ನು ತಂತ್ರಾಂಶವೊಂದು ತಿಳಿಯಾಗಿಸಿತು ಎನ್ನಿ. ಅದು ಸರಿಯೇ ಎಂದು ತಾಳೆ ನೋಡಲು ಅದೇ ದೃಶ್ಯದ ಮಸುಕಿಲ್ಲದ ಚಿತ್ರ ಬೇಕು. ಈ ಮಾದರಿ ಉತ್ತರವೇ ತಪ್ಪಾಗಿದ್ದರೆ ಕೊಟ್ಟ ಅಂಕಕ್ಕೆ ಬೆಲೆಯಿಲ್ಲ.

● ಹೆಸರಾಂತ ಪರೀಕ್ಷಾ ಚಿತ್ರ 'ಲೆನಾ'ವನ್ನು 1973ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ನಿಯತಕಾಲಿಕದ ಪುಟದಿಂದ ಸ್ಕ್ಯಾನ್ ಮಾಡಲಾಯಿತು. ಅಳತೆ 512×512 ಪಿಕ್ಸೆಲ್. 2024ರ ಏಪ್ರಿಲ್ 1ರಿಂದ ಐಇಇಇ ಕಂಪ್ಯೂಟರ್ ಸೊಸೈಟಿ ಈ ಚಿತ್ರವಿರುವ ಪ್ರಬಂಧಗಳನ್ನು ಸ್ವೀಕರಿಸುತ್ತಿಲ್ಲ.

● ಜೆಪೆಗ್ ಚಿತ್ರವನ್ನು 8×8 ಪಿಕ್ಸೆಲ್‌ಗಳ ಚೌಕಗಳಾಗಿ ಕತ್ತರಿಸಿ ಕುಗ್ಗಿಸುತ್ತದೆ. ಮಸುಕು ಬಿಡಿಸುವಾಗ ಆ ಚೌಕಗಳ ಅಂಚೂ ಎದ್ದು ಕಾಣಬಹುದು. ಆದ್ದರಿಂದ ಪರೀಕ್ಷೆಗೆ ಪಿಎನ್‌ಜಿಯಂಥ, ಏನನ್ನೂ ಕಳೆಯದ ರೂಪವೇ ಲೇಸು.

● ಮಾದರಿ ಚಿತ್ರದ ಎರಡು ಕಡತಗಳು ಒಂದೇ ಎನ್ನಲು ಕಣ್ಣಳತೆ ಸಾಲದು. ಎಸ್‌ಎಚ್‌ಎ-256 ಲೆಕ್ಕ ಪ್ರತಿ ಕಡತಕ್ಕೂ 64 ಅಂಕಿ-ಅಕ್ಷರಗಳ ಗುರುತು ಕೊಡುತ್ತದೆ. ಒಂದೇ ಪಿಕ್ಸೆಲ್ ಬದಲಾದರೂ ಇಡೀ ಗುರುತು ಬೇರೆಯಾಗುತ್ತದೆ.

● ಒಂದು ಸೂತ್ರದಿಂದ ಮಸುಕು ಮಾಡಿ, ಅದೇ ಸೂತ್ರದಿಂದ ಬಿಡಿಸಿದರೆ ಉತ್ತರ ಸೊಗಸಾಗಿಯೇ ಬರುತ್ತದೆ. ತಾನೇ ಗಂಟು ಹಾಕಿ ತಾನೇ ಬಿಚ್ಚಿದಂತೆ! ಗಣಿತಜ್ಞರು ಇದನ್ನು 'ಇನ್ವರ್ಸ್ ಕ್ರೈಮ್' ಎನ್ನುತ್ತಾರೆ.

● 2012ರಲ್ಲಿ ಜರ್ಮನಿಯ ಸಂಶೋಧಕರು ಮನುಷ್ಯರ ಕೈ ನಡುಕವನ್ನು ದಾಖಲಿಸಿ, ರೋಬೋ ಪೀಠದ ಮೇಲಿನ ಕ್ಯಾಮೆರಾವನ್ನು ಹಾಗೆಯೇ ಅಲುಗಾಡಿಸಿದರು. 4 ದೃಶ್ಯ, 12 ಬಗೆಯ ನಡುಕ. ಒಟ್ಟು 48 ಮಸುಕು ಚಿತ್ರ.

● 2017ರ 'ಗೋಪ್ರೋ' ಸಂಗ್ರಹದಲ್ಲಿ 3,214 ಜೋಡಿ ಚಿತ್ರಗಳಿವೆ. ಸೆಕೆಂಡಿಗೆ 240 ಚೌಕಟ್ಟುಗಳ ವಿಡಿಯೊದಲ್ಲಿ ಒಂದರ ಹಿಂದೊಂದು ಬರುವ ಹಲವನ್ನು ಸರಾಸರಿ ಮಾಡಿದರೆ ಮಸುಕು ಚಿತ್ರ. ನಡುವಿನ ಚೌಕಟ್ಟೇ ಮಾದರಿ ಉತ್ತರ.

● 2020ರ 'ರಿಯಲ್‌ಬ್ಲರ್' ಸಂಗ್ರಹಕ್ಕೆ ಬೆಳಕನ್ನು ಇಬ್ಭಾಗ ಮಾಡುವ ಗಾಜಿನ ಹಿಂದೆ ಎರಡು ಕ್ಯಾಮೆರಾ ಇಟ್ಟರು. ಒಂದು ಬೆಳಕಿಗೆ ಹೆಚ್ಚು ಹೊತ್ತು ತೆರೆದಿದ್ದು ಮಸುಕನ್ನು ಹಿಡಿದರೆ, ಇನ್ನೊಂದು ಕ್ಷಣಾರ್ಧ ತೆರೆದು ಸ್ಪಷ್ಟ ಚಿತ್ರ ಹಿಡಿಯಿತು.

● 1990ರಲ್ಲಿ ಹಾರಿದ ಹಬಲ್ ದೂರದರ್ಶಕದ ಕನ್ನಡಿಯ ಅಂಚನ್ನು ಸುಮಾರು 2.2 ಮೈಕ್ರಾನಿನಷ್ಟು ತಪ್ಪಾಗಿ ಸವೆಸಲಾಗಿತ್ತು. ಮಂಜಾದ ಚಿತ್ರಗಳನ್ನು ವಿಜ್ಞಾನಿಗಳು ಲೆಕ್ಕದಿಂದಲೇ ತಿಳಿಯಾಗಿಸುತ್ತಿದ್ದರು. 1993ರ ಡಿಸೆಂಬರಿನಲ್ಲಿ ಗಗನಯಾತ್ರಿಗಳು ದೋಷ ಸರಿಪಡಿಸಿದ ಮೇಲೆ, ತಾಳೆ ನೋಡಲು ಆಕಾಶವೇ ಮಾದರಿ ಉತ್ತರ ತೋರಿಸಿತು.