ಗರ್ಭಿಣಿಯಿರುವ ಮನೆಗೆ ಬಂದ ಬೀದಿ ಬೆಕ್ಕು: ಗ್ರಾಮ ಪಂಚಾಯತಿ ಸದಸ್ಯರು ತಿಳಿದಿರಬೇಕಾದ ಸಂಗತಿಗಳು

ಬೆಕ್ಕು ಸಾಕುವುದು ಮನೆಮಂದಿಗೆ ಸೇರಿದ ವಿಚಾರ, ಅದು ಪಂಚಾಯತಿಯ ಗಮನಕ್ಕೆ ಬರುವಂಥದ್ದಲ್ಲ ಎಂದು ಮೇಲ್ನೋಟಕ್ಕೆ ತೋರಬಹುದು. ಆದರೆ ಗ್ರಾಮಗಳಲ್ಲಿ ಈ ಪ್ರಶ್ನೆ ಮತ್ತೆ ಮತ್ತೆ ಏಳುತ್ತದೆ. ಗರ್ಭಿಣಿಯೊಬ್ಬಳು ಹಿತ್ತಲಿಗೆ ಬಂದ ಮರಿಬೆಕ್ಕಿಗೆ ಹಾಲನ್ನವಿಟ್ಟು ಒಳಗೆ ಕರೆದುಕೊಂಡಿರುತ್ತಾಳೆ. ಹಿರಿಯರು ಅದನ್ನು ಓಡಿಸಬೇಕೆನ್ನುತ್ತಾರೆ. ನೆರೆಯವರು ಬೆಕ್ಕಿನ ಕೂದಲು ಹೊಟ್ಟೆಗೆ ಹೋದರೆ ಮಗುವಿಗೆ ಕೇಡು ಎಂದು ಹೆದರಿಸುತ್ತಾರೆ. ಕೊನೆಗೆ ಬೆಕ್ಕನ್ನು ಗೋಣಿಚೀಲದಲ್ಲಿ ಕಟ್ಟಿ ಊರಾಚೆ ಬಿಟ್ಟುಬರಲಾಗುತ್ತದೆ. ಹಾಗೆ ಮಾಡಿದರೆ ಅಪಾಯ ತೊಲಗಿತೆಂದು ಎಲ್ಲರೂ ನೆಮ್ಮದಿ ತಾಳುತ್ತಾರೆ. ಆದರೆ ನಿಜವಾದ ಅಪಾಯ ಅನೇಕ ವೇಳೆ ಮನೆಯ ಅಂಗಳದ ಮಣ್ಣಿನಲ್ಲಿ, ತೊಳೆಯದ ಸೊಪ್ಪಿನಲ್ಲಿ, ಅರೆಬೆಂದ ಮಾಂಸದಲ್ಲಿ ಹಾಗೆಯೇ ಉಳಿದಿರುತ್ತದೆ.

ಅಪಾಯವಿರುವುದು ನಿಜ. ಆದರೆ ಅದು ಇರುವ ಸ್ಥಳವನ್ನು ಸರಿಯಾಗಿ ಗುರುತಿಸುವುದು ಮುಖ್ಯ. ಆಶಾ ಕಾರ್ಯಕರ್ತೆ ಮತ್ತು ಅಂಗನವಾಡಿ ಕಾರ್ಯಕರ್ತೆಯರೊಡನೆ ಸದಸ್ಯರೂ ಈ ವಿಷಯವನ್ನು ತಿಳಿದಿದ್ದರೆ ಗರ್ಭಿಣಿಗೆ ರಕ್ಷಣೆ ದೊರೆಯುತ್ತದೆ. ಮೂಕಪ್ರಾಣಿಗೆ ಅನಗತ್ಯ ಹಿಂಸೆಯೂ ತಪ್ಪುತ್ತದೆ.

ಸೋಂಕು ಯಾವುದು, ಬರುವುದು ಹೇಗೆ

ವೈದ್ಯರು ಎಚ್ಚರಿಸುವ ಮುಖ್ಯ ರೋಗದ ಹೆಸರು ಟಾಕ್ಸೊಪ್ಲಾಸ್ಮೋಸಿಸ್. ಟಾಕ್ಸೊಪ್ಲಾಸ್ಮಾ ಗೊಂಡಿ ಎಂಬ, ಕಣ್ಣಿಗೆ ಕಾಣದ ಪರಾವಲಂಬಿ ಜೀವಿ ಇದಕ್ಕೆ ಕಾರಣ. ಈ ಜೀವಿಯನ್ನು ವಿಜ್ಞಾನಿಗಳು ಮೊದಲು ಗುರುತಿಸಿದ್ದು 1908ರಲ್ಲಿ. ಅದು ಬೆಕ್ಕಿನ ಕರುಳಿನಲ್ಲಿ ಸಂತಾನ ಬೆಳೆಸಿ ಮಲದ ಮೂಲಕ ಹೊರಬರುತ್ತದೆ ಎಂಬುದು ಖಚಿತವಾದದ್ದು 1970ರ ಸುಮಾರಿಗೆ.

ಸೋಂಕಿರುವ ಇಲಿ, ಹಕ್ಕಿ ಅಥವಾ ಹಸಿಮಾಂಸವನ್ನು ತಿಂದಾಗ ಬೆಕ್ಕಿಗೆ ಇದು ತಗಲುತ್ತದೆ. ಮೊದಲ ಬಾರಿ ಸೋಂಕು ತಗಲಿದ ಬಳಿಕ ಸುಮಾರು 1ರಿಂದ 3 ವಾರಗಳವರೆಗೆ ಬೆಕ್ಕಿನ ಮಲದಲ್ಲಿ ಗಟ್ಟಿ ಕವಚವುಳ್ಳ ಸೂಕ್ಷ್ಮ ಕೋಶಗಳು ಅಪಾರ ಸಂಖ್ಯೆಯಲ್ಲಿ ಹೊರಬೀಳುತ್ತವೆ. ಆ ಮೇಲೆ ಬೆಕ್ಕಿನ ದೇಹದಲ್ಲಿ ಪ್ರತಿರೋಧ ಶಕ್ತಿ ಬೆಳೆಯುವುದರಿಂದ ಅವು ಸಾಮಾನ್ಯವಾಗಿ ನಿಂತುಹೋಗುತ್ತವೆ. ಆದ್ದರಿಂದ ವರ್ಷಗಟ್ಟಲೆ ಮನೆಯಲ್ಲಿದ್ದು ಇಲಿ ಹಿಡಿಯುತ್ತಿರುವ ಹಳೆಯ ಬೆಕ್ಕಿಗಿಂತ, ಈಗಷ್ಟೇ ಬೇಟೆ ಕಲಿಯುತ್ತಿರುವ ಮರಿಬೆಕ್ಕಿನ ವಿಷಯದಲ್ಲಿ ಎಚ್ಚರ ಹೆಚ್ಚು ಬೇಕು. ಸೋಂಕು ತಗಲಿದ ಬೆಕ್ಕು ಬಹುಮಟ್ಟಿಗೆ ಆರೋಗ್ಯವಾಗಿಯೇ ಕಾಣುವುದರಿಂದ ನೋಡಿ ಗುರುತಿಸಲು ಸಾಧ್ಯವಿಲ್ಲ.

ಗಮನಿಸಬೇಕಾದ ಮತ್ತೊಂದು ಸಂಗತಿಯಿದೆ. ಆಗತಾನೆ ಬಿದ್ದ ಮಲದಿಂದ ಸೋಂಕು ಹರಡುವುದಿಲ್ಲ. ಅದರಲ್ಲಿರುವ ಕೋಶಗಳು ಸೋಂಕು ಹರಡುವ ಸ್ಥಿತಿಗೆ ಬರಲು 1ರಿಂದ 5 ದಿನ ಬೇಕು. ಮಲವನ್ನು ದಿನದಿನವೂ ತೆಗೆದರೆ ಅಪಾಯದ ಬಹುಭಾಗ ಅಲ್ಲಿಗೇ ಮುಗಿಯಿತು. ತೆಗೆಯದೆ ಬಿಟ್ಟರೆ ಅದು ಮಣ್ಣಿನಲ್ಲಿ ಬೆರೆತು, ತೇವವಿರುವ ನೆರಳಿನಲ್ಲಿ ಒಂದು ವರ್ಷಕ್ಕೂ ಮೇಲ್ಪಟ್ಟು ಸೋಂಕು ಹರಡುವ ಶಕ್ತಿಯನ್ನು ಉಳಿಸಿಕೊಳ್ಳಬಲ್ಲದು. ಬೆಕ್ಕನ್ನು ಊರಾಚೆ ಬಿಟ್ಟುಬಂದ ಮನೆಯಲ್ಲಿಯೂ ಅಂಗಳದ ಮಣ್ಣು ಮೊದಲಿನಂತೆಯೇ ಇರುತ್ತದೆ ಎನ್ನುವುದು ಈ ಕಾರಣದಿಂದಲೇ.

ಬೆಕ್ಕಿನ ಕೂದಲಿನಿಂದ ಅಥವಾ ಅದು ಹತ್ತಿರ ಸುಳಿದಾಡುವುದರಿಂದ ಈ ಸೋಂಕು ಬರುವ ಸಂಭವ ತೀರ ಕಡಿಮೆ. ಮಲದಿಂದ ಕಲುಷಿತವಾದ ಮಣ್ಣು, ನೀರು, ತರಕಾರಿ ಹಾಗೂ ಸರಿಯಾಗಿ ಬೇಯದ ಮಾಂಸ ಬಾಯಿಯ ಮೂಲಕ ಹೊಟ್ಟೆ ಸೇರುವುದೇ ಮುಖ್ಯ ಮಾರ್ಗ. ಬೆಕ್ಕನ್ನೇ ಸಾಕದ ಮನೆಯ ಗರ್ಭಿಣಿಗೂ ಇದು ಬರಬಹುದು.

ತಾಯಿಗೆ ಮತ್ತು ಮಗುವಿಗೆ ಏನಾಗಬಹುದು

ಆರೋಗ್ಯವಂತರಲ್ಲಿ ಈ ಸೋಂಕು ಹೆಚ್ಚಾಗಿ ಯಾವ ಲಕ್ಷಣವನ್ನೂ ತೋರದೆ ಹೋಗುತ್ತದೆ. ಕೆಲವರಿಗೆ ಸಣ್ಣ ಜ್ವರ, ಮೈಕೈ ನೋವು, ಕತ್ತಿನ ಗ್ರಂಥಿಗಳ ಊತ ಕಾಣಿಸಿಕೊಳ್ಳಬಹುದು. ಬಹಳ ಹಿಂದೆಯೇ ಸೋಂಕು ತಗಲಿ ವಾಸಿಯಾಗಿದ್ದ ಸ್ತ್ರೀಯ ಮಗುವಿಗೆ ಸಾಮಾನ್ಯವಾಗಿ ಅಪಾಯವಿಲ್ಲ. ಗರ್ಭಾವಸ್ಥೆಯಲ್ಲಿ ಅಥವಾ ಅದಕ್ಕೆ ಸ್ವಲ್ಪ ಮೊದಲು ಪ್ರಥಮ ಬಾರಿಗೆ ಸೋಂಕು ತಗಲಿದರೆ ಮಾತ್ರ ಅದು ಮಾಸಿನ ಮೂಲಕ ಮಗುವನ್ನು ತಲಪುವ ಭಯವಿದೆ.

ಮೊದಲ ತಿಂಗಳುಗಳಲ್ಲಿ ಮಗುವಿಗೆ ಸೋಂಕು ದಾಟುವ ಸಂಭವ ಕಡಿಮೆ, ಆದರೆ ದಾಟಿದರೆ ಹಾನಿ ತೀವ್ರವಾಗಿರುತ್ತದೆ. ಗರ್ಭಪಾತ, ನಿರ್ಜೀವ ಜನನ, ತಲೆಯಲ್ಲಿ ನೀರು ತುಂಬಿಕೊಳ್ಳುವುದು, ಮೂರ್ಛೆರೋಗ, ಕಣ್ಣಿನ ಅಕ್ಷಿಪಟಲದ ಉರಿಯೂತ ಇವು ಅಂತಹ ಪರಿಣಾಮಗಳು. ಕೊನೆಯ ತಿಂಗಳುಗಳಲ್ಲಿ ಸೋಂಕು ದಾಟುವ ಸಂಭವ ಹೆಚ್ಚು. ಆಗ ಮಗು ಹುಟ್ಟುವಾಗ ಆರೋಗ್ಯವಾಗಿಯೇ ಕಂಡು, ವರ್ಷಗಳ ನಂತರ ದೃಷ್ಟಿದೋಷ ಕಾಣಿಸಿಕೊಳ್ಳುವುದುಂಟು.

ಅನುಮಾನವಿದ್ದಲ್ಲಿ ವೈದ್ಯರು ರಕ್ತಪರೀಕ್ಷೆಯ ಮೂಲಕ ಸೋಂಕು ಹಳೆಯದೋ ಹೊಸದೋ ಎಂಬುದನ್ನು ನಿರ್ಧರಿಸುತ್ತಾರೆ. ಒಂದೇ ಪರೀಕ್ಷೆಯ ಫಲಿತಾಂಶ ನೋಡಿ ಗಾಬರಿಗೊಳ್ಳಬಾರದು. ಹಳೆಯ ಸೋಂಕಿನ ಗುರುತುಗಳು ರಕ್ತದಲ್ಲಿ ಬಹುಕಾಲ ಉಳಿಯುವುದರಿಂದ ಮರುಪರೀಕ್ಷೆ ಬೇಕಾಗಬಹುದು. ಸೋಂಕು ದೃಢಪಟ್ಟರೆ ಚಿಕಿತ್ಸೆಗೆ ಔಷಧಗಳಿವೆ. ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದ ಅಡಿಯಲ್ಲಿ ಪ್ರತಿ ತಿಂಗಳ 9ನೇ ದಿನದಂದು ಸರ್ಕಾರಿ ಆರೋಗ್ಯ ಸಂಸ್ಥೆಗಳಲ್ಲಿ ಗರ್ಭಿಣಿಯರ ಉಚಿತ ತಪಾಸಣೆ ನಡೆಯುತ್ತದೆ. ಮನೆಯಲ್ಲಿ ಬೆಕ್ಕು ಇರುವ ವಿಷಯವನ್ನು ಅಂದು ವೈದ್ಯರಿಗೆ ತಿಳಿಸುವಂತೆ ಹೇಳಬೇಕು.

ಹೊಸ ಬೆಕ್ಕನ್ನು ಸೇರಿಸಿಕೊಳ್ಳಬಹುದೆ

ಮೊದಲಿನಿಂದ ಮನೆಯಲ್ಲಿರುವ ಬೆಕ್ಕನ್ನು ಗರ್ಭಧಾರಣೆಯ ಕಾರಣಕ್ಕಾಗಿ ಹೊರಹಾಕಬೇಕಾಗಿಲ್ಲ. ಆದರೆ ಬೀದಿಯಿಂದ ಹೊಸದಾಗಿ ಬಂದ ಬೆಕ್ಕನ್ನು, ಅದರಲ್ಲೂ ಮರಿಯನ್ನು, ಹೆರಿಗೆಯಾಗುವವರೆಗೆ ಒಳಗೆ ಸೇರಿಸಿಕೊಳ್ಳದಿರುವುದು ಲೇಸು. ಅದನ್ನು ನೆರೆಮನೆಯವರೋ ಬಂಧುಗಳೋ ಕೆಲವು ತಿಂಗಳು ನೋಡಿಕೊಳ್ಳಬಹುದು. ಈಗಾಗಲೇ ಸೇರಿಸಿಕೊಂಡಿದ್ದರೆ ಗರ್ಭಿಣಿಯ ಬದಲು ಮನೆಯ ಇನ್ನೊಬ್ಬರು ಅದರ ಹೊಣೆ ಹೊರಬೇಕು ಮತ್ತು ಪಶು ಚಿಕಿತ್ಸಾಲಯದಲ್ಲಿ ತಪಾಸಣೆ ಮಾಡಿಸಬೇಕು. ಜಂತುನಾಶಕ ಔಷಧಿ, ಚಿಗಟ ನಿವಾರಣೆ, 3 ತಿಂಗಳು ತುಂಬಿದ ಬಳಿಕ ರೇಬೀಸ್ ಲಸಿಕೆ, ಪಶುವೈದ್ಯರು ಹೇಳಿದ ವಯಸ್ಸಿನಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆ ಇವು ಅಗತ್ಯ. ಹೆಣ್ಣು ಬೆಕ್ಕು 5-6 ತಿಂಗಳಿಗೇ ಗರ್ಭ ಧರಿಸಬಲ್ಲದು; ಗರ್ಭಾವಧಿ ಸುಮಾರು 2 ತಿಂಗಳು ಮಾತ್ರ. ಇಂದು ಒಂದಾಗಿರುವುದು ವರ್ಷದೊಳಗೆ ಹತ್ತಾಗುವುದು ಹೀಗೆಯೇ.

ಬೆಕ್ಕನ್ನು ಊರಾಚೆ ಬಿಟ್ಟುಬರುವುದು ಪರಿಹಾರವಲ್ಲ. ಸಕಾರಣವಿಲ್ಲದೆ, ಹಸಿವು ಬಾಯಾರಿಕೆಗಳಿಂದ ನರಳುವ ಸ್ಥಿತಿಯಲ್ಲಿ ಪ್ರಾಣಿಯನ್ನು ತೊರೆದುಬಿಡುವುದು 1960ರ ಪ್ರಾಣಿ ಹಿಂಸೆ ತಡೆ ಅಧಿನಿಯಮದ 11ನೇ ಪ್ರಕರಣದಂತೆ ಅಪರಾಧ. ಸಂವಿಧಾನದ 51ಎ ಅನುಚ್ಛೇದವು ಜೀವಿಗಳ ವಿಷಯದಲ್ಲಿ ದಯೆ ತೋರುವುದನ್ನು ನಾಗರಿಕರ ಮೂಲಭೂತ ಕರ್ತವ್ಯವೆಂದು ಹೇಳಿದೆ. ಇದಲ್ಲದೆ, ಕಣಜದ ಕಾಳನ್ನು ಇಲಿಗಳಿಂದ ಉಳಿಸುವ ಬೆಕ್ಕು ರೈತನ ಮನೆಗೆ ಉಪಕಾರಿಯೇ ಆಗಿದೆ.

ಮನೆಯವರು ಪಾಲಿಸಬೇಕಾದ ಕ್ರಮಗಳು

1. ಬೆಕ್ಕಿನ ಮಲವನ್ನು ಪ್ರತಿದಿನ, ಗರ್ಭಿಣಿಯಲ್ಲದ ಬೇರೆಯವರು ತೆಗೆಯಬೇಕು. ಬಾವಿ ಮತ್ತು ಕೈತೋಟದಿಂದ ದೂರದ ಗುಂಡಿಯಲ್ಲಿ ಹೂಳಬೇಕು. ತಿಪ್ಪೆಗೆ ಹಾಕಿದರೆ ಗೊಬ್ಬರದೊಡನೆ ಅದು ಮತ್ತೆ ಸೊಪ್ಪಿನ ಮಡಿಗೆ ಬರುತ್ತದೆ.

2. ಮಲ ತೆಗೆಯುವ ಪಾತ್ರೆಯನ್ನು ಕುದಿಯುವ ನೀರಿನಿಂದ ತೊಳೆಯಬೇಕು. ಬ್ಲೀಚಿಂಗ್ ಪುಡಿಯಿಂದಾಗಲಿ ಫಿನಾಯಿಲಿನಿಂದಾಗಲಿ ಈ ಕೋಶಗಳು ಸಾಯುತ್ತವೆಂದು ನಂಬುವಂತಿಲ್ಲ.

3. ಇದೇ ಕಾರಣದಿಂದ, ಕ್ಲೋರಿನ್ ಬೆರೆಸಿದ ನೀರಾದರೂ ಗರ್ಭಿಣಿಯು ಕುದಿಸಿ ಆರಿಸಿದ ನೀರನ್ನೇ ಕುಡಿಯುವುದು ಉತ್ತಮ.

4. ಕೈತೋಟ, ಹೊಲಗಳಲ್ಲಿ ಮಣ್ಣು ಮುಟ್ಟುವಾಗ ಕೈಗವಸು ಧರಿಸಬೇಕು. ಕೆಲಸ ಮುಗಿದ ಮೇಲೆ, ಅಡುಗೆಗೆ ಮತ್ತು ಊಟಕ್ಕೆ ಮೊದಲು ಸಾಬೂನಿನಿಂದ ಕೈ ತೊಳೆಯಬೇಕು.

5. ಹಸಿಯಾಗಿ ತಿನ್ನುವ ಸೌತೆ, ಕ್ಯಾರೆಟ್, ಕೊತ್ತಂಬರಿಗಳನ್ನು ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆಯಬೇಕು. ಮಾಂಸವನ್ನು ಒಳಗಿನ ಕೆಂಪು ಸಂಪೂರ್ಣ ಹೋಗುವಂತೆ ಬೇಯಿಸಬೇಕು. ಹಾಲನ್ನು ಕಾಯಿಸದೆ ಕುಡಿಯಬಾರದು.

6. ಬೆಕ್ಕಿಗೆ ಹಸಿಮಾಂಸ ಹಾಕದೆ, ಬೇಯಿಸಿದ ಆಹಾರವನ್ನೇ ಕೊಡಬೇಕು.

ಕುರಿ, ಮೇಕೆ ಸಾಕುವ ಮನೆಗಳಲ್ಲಿ ಮತ್ತೊಂದು ಎಚ್ಚರಿಕೆ ಅಗತ್ಯ. ಮೇವು ಅಥವಾ ಕಾಳಿನ ಮೇಲೆ ಬಿದ್ದ ಬೆಕ್ಕಿನ ಮಲದಿಂದ ಕುರಿ ಮೇಕೆಗಳಿಗೂ ಇದೇ ಸೋಂಕು ತಗಲಿ, ಅವು ಕಂದು ಹಾಕುವುದುಂಟು. ಗರ್ಭಿಣಿಯರು ಕುರಿ ಮೇಕೆಗಳ ಮರಿ ಹಾಕಿಸುವ ಕೆಲಸದಲ್ಲಿ ಭಾಗವಹಿಸಬಾರದು. ಅವುಗಳ ಮಾಸನ್ನಾಗಲಿ ಸತ್ತ ಮರಿಯನ್ನಾಗಲಿ ಮುಟ್ಟಬಾರದು.

ಕಚ್ಚಿದರೆ, ಪರಚಿದರೆ

ಬೀದಿ ಬೆಕ್ಕಿನ ವಿಷಯದಲ್ಲಿ ಒಂದು ಕ್ಷಣವೂ ತಡಮಾಡಬಾರದ ಅಪಾಯವೆಂದರೆ ರೇಬೀಸ್. ನಮ್ಮ ದೇಶದಲ್ಲಿ ಇದು ಬಹುಮಟ್ಟಿಗೆ ನಾಯಿಯಿಂದ ಬರುತ್ತದೆಯಾದರೂ ಬೆಕ್ಕಿನಿಂದಲೂ ಬರುತ್ತದೆ. ರೋಗಲಕ್ಷಣಗಳು ತೋರಿದ ಮೇಲೆ ಪ್ರಾಣ ಉಳಿಯುವುದು ಅಸಾಧ್ಯವೆಂದೇ ಹೇಳಬೇಕು. ಆದರೆ ಸಕಾಲದ ಚಿಕಿತ್ಸೆಯಿಂದ ರೋಗವನ್ನು ಸಂಪೂರ್ಣ ತಡೆಯಬಹುದು.

ಕಚ್ಚಿದ ಅಥವಾ ಪರಚಿದ ಗಾಯವನ್ನು ಕೂಡಲೇ ಹರಿಯುವ ನೀರು ಮತ್ತು ಸಾಬೂನಿನಿಂದ 15 ನಿಮಿಷ ತೊಳೆಯಬೇಕು. ಸುಣ್ಣ, ಮೆಣಸಿನಪುಡಿ, ಅರಿಶಿನ, ಕಾಫಿಪುಡಿ ಮುಂತಾದವನ್ನು ಮೆತ್ತಬಾರದು. ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅಥವಾ ತಾಲ್ಲೂಕು ಆಸ್ಪತ್ರೆಗೆ ಹೋಗಬೇಕು. ಚರ್ಮದೊಳಗೆ ನೀಡುವ ಲಸಿಕೆಯನ್ನು 0, 3, 7 ಮತ್ತು 28ನೇ ದಿನಗಳಂದು ಕೊಡಲಾಗುತ್ತದೆ. ರಕ್ತ ಬಂದ ಗಾಯವಾಗಿದ್ದರೆ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ ಕೂಡ ಬೇಕಾಗುತ್ತದೆ.

ಗರ್ಭಿಣಿಯರು ಈ ಲಸಿಕೆ ಪಡೆಯಬಾರದೆಂಬ ತಪ್ಪು ತಿಳಿವಳಿಕೆ ಕೆಲವೆಡೆ ಇದೆ. ಗರ್ಭಾವಸ್ಥೆಯಾಗಲಿ ಎದೆಹಾಲೂಡಿಸುವ ಕಾಲವಾಗಲಿ ರೇಬೀಸ್ ಚಿಕಿತ್ಸೆಗೆ ಅಡ್ಡಿಯಲ್ಲ. ‘ಮರಿಬೆಕ್ಕು, ಸ್ವಲ್ಪ ಪರಚಿತು ಅಷ್ಟೆ’ ಎಂಬ ಉದಾಸೀನವೂ ‘ಹೊಟ್ಟೆಯಲ್ಲಿರುವ ಮಗುವಿಗೆ ಸೂಜಿ ಕೆಟ್ಟದ್ದು’ ಎಂಬ ಭಯವೂ ಸಮಾನವಾಗಿ ಅಪಾಯಕಾರಿ. ಕಚ್ಚಿದ ಬೆಕ್ಕನ್ನು 10 ದಿನ ಗಮನಿಸುವ ಪದ್ಧತಿಯಿದೆ. ಆದರೆ ಅದಕ್ಕಾಗಿ ಕಾಯುತ್ತ ಚಿಕಿತ್ಸೆಯನ್ನು ಮುಂದೂಡಬಾರದು.

ಮಗು ಹುಟ್ಟಿದ ಮೇಲೆ

ಬಾಣಂತಿಯ ಕೋಣೆಯಲ್ಲಿ, ವಿಶೇಷವಾಗಿ ತೊಟ್ಟಿಲ ಬಳಿ, ಬೆಕ್ಕನ್ನು ಮಗುವಿನೊಡನೆ ಒಂಟಿಯಾಗಿ ಬಿಡಬಾರದು. ಬೆಚ್ಚನೆಯ ಜಾಗವನ್ನು ಹುಡುಕುವ ಬೆಕ್ಕು ಮಗುವಿನ ಪಕ್ಕದಲ್ಲಿ ಮಲಗಿ ಉಸಿರಾಟಕ್ಕೆ ತೊಂದರೆ ಮಾಡಬಹುದು, ಅರಿಯದೆ ಪರಚಲೂಬಹುದು. ಕೋಣೆಯ ಬಾಗಿಲು ಮುಚ್ಚಿಡುವುದು, ತೊಟ್ಟಿಲಿಗೆ ಬಿಗಿಯಾದ ಸೊಳ್ಳೆಪರದೆ ಕಟ್ಟುವುದು ಸುಲಭದ ಉಪಾಯಗಳು. ಹೆರಿಗೆಗೆ ಕೆಲವು ವಾರ ಮೊದಲೇ ಬೆಕ್ಕಿಗೆ ಬೇರೆ ಕಡೆ ಮಲಗುವ ಅಭ್ಯಾಸ ಮಾಡಿಸಿದರೆ ಮುಂದೆ ಕಷ್ಟವಾಗದು. ಬೆಕ್ಕಿನ ಮೈಯಲ್ಲಿ ಕೂದಲುದುರಿದ ಗುಂಡನೆಯ ಕಲೆಗಳಿದ್ದರೆ ಹುಳುಕಡ್ಡಿಯಿರಬಹುದು. ಅದು ಮಗುವಿಗೂ ಹರಡುವುದರಿಂದ ಪಶುವೈದ್ಯರಿಗೆ ತೋರಿಸಬೇಕು.

ಗ್ರಾಮ ಪಂಚಾಯತಿಯ ಪಾತ್ರ

ಮನೆಯೊಳಗಿನ ಎಚ್ಚರ ಕುಟುಂಬದ ಹೊಣೆ. ಮನೆಯ ಹೊರಗಿನದು ಪಂಚಾಯತಿಯ ಹೊಣೆ. ಕಾಮಗಾರಿಗಾಗಿ ಶಾಲೆ, ಅಂಗನವಾಡಿಗಳ ಅಂಗಳದಲ್ಲಿ ಸುರಿದ ಮರಳಿನ ರಾಶಿ ಬೆಕ್ಕುಗಳಿಗೆ ಶೌಚದ ಜಾಗವಾಗುತ್ತದೆ; ಅದರ ಮೇಲೆಯೇ ಮಕ್ಕಳು ಆಡುತ್ತಾರೆ. ಮರಳನ್ನು ಟಾರ್ಪಾಲಿನಿಂದ ಮುಚ್ಚಿಡಬೇಕೆಂದು ಗುತ್ತಿಗೆದಾರರಿಗೆ ಸೂಚಿಸಲು ಹೆಚ್ಚಿನ ವೆಚ್ಚವೇನೂ ಬೇಕಿಲ್ಲ. ಕೋಳಿ ಮತ್ತು ಮಾಂಸದ ಅಂಗಡಿಗಳ ತ್ಯಾಜ್ಯ ಚರಂಡಿಗೆ, ಬಯಲಿಗೆ ಬೀಳುವವರೆಗೆ ಬೀದಿ ಬೆಕ್ಕು, ನಾಯಿಗಳ ಸಂಖ್ಯೆ ಇಳಿಯುವುದಿಲ್ಲ. ಹಸಿಮಾಂಸದ ಮೂಲಕ ಅವುಗಳಿಗೆ ಸೋಂಕು ತಗಲುವುದೂ ನಿಲ್ಲುವುದಿಲ್ಲ. ಆ ತ್ಯಾಜ್ಯವನ್ನು ಮುಚ್ಚಿದ ಪಾತ್ರೆಯಲ್ಲಿ ಸಂಗ್ರಹಿಸಿ ಆಳವಾದ ಗುಂಡಿಯಲ್ಲಿ ಹೂಳುವ ವ್ಯವಸ್ಥೆ ಇರಬೇಕು.

2017ರಲ್ಲಿ ರಾಜ್ಯದಾದ್ಯಂತ ಆರಂಭವಾದ ಮಾತೃಪೂರ್ಣ ಯೋಜನೆಯಿಂದಾಗಿ ಗರ್ಭಿಣಿಯರಿಗೂ ಅಂಗನವಾಡಿಗೂ ನಂಟು ಬೆಳೆದಿದೆ. ಹಾಲು, ಮೊಟ್ಟೆಯಿರುವ ಅಡುಗೆಮನೆಗೆ ಬೆಕ್ಕು ಬರುವುದು ಸಹಜ. ಮುರಿದ ಕಿಟಕಿಗೆ ಜಾಲರಿ ಹಾಕಿಸುವುದು, ಆಹಾರಧಾನ್ಯಕ್ಕೆ ಮುಚ್ಚಳವಿರುವ ಡಬ್ಬಿ ಒದಗಿಸುವುದು, ಕೈತೊಳೆಯಲು ನೀರು ಮತ್ತು ಸಾಬೂನು ಇರುವಂತೆ ನೋಡಿಕೊಳ್ಳುವುದು ಸದಸ್ಯರು ತಮ್ಮ ವಾರ್ಡಿನ ಅಂಗನವಾಡಿಗೆ ಭೇಟಿ ನೀಡಿದಾಗ ಪರಿಶೀಲಿಸಬಹುದಾದ ಅಂಶಗಳು. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಸಭೆಯಲ್ಲಿ ಈ ವಿಷಯವನ್ನು ಚರ್ಚೆಗೆ ತರಬಹುದು. ಸ್ಥಳೀಯ ಪಶುವೈದ್ಯಾಧಿಕಾರಿಗಳೊಡನೆ ಮಾತನಾಡಿ, ನಾಯಿಗಳ ರೇಬೀಸ್ ಲಸಿಕಾ ಶಿಬಿರಕ್ಕೆ ಬೆಕ್ಕುಗಳನ್ನೂ ತರುವಂತೆ ಡಂಗುರದ ಮೂಲಕ ತಿಳಿಸಬಹುದು. ಆರೋಗ್ಯ ಕೇಂದ್ರದಲ್ಲಿ ರೇಬೀಸ್ ಲಸಿಕೆಯ ದಾಸ್ತಾನು ಇದೆಯೇ ಎಂಬುದನ್ನು ಆಗಾಗ ವಿಚಾರಿಸುವುದೂ ಸದಸ್ಯರ ಕೆಲಸವೇ.

ಗರ್ಭಿಣಿಯೊಬ್ಬಳ ಮನೆಯಲ್ಲಿ ಬೆಕ್ಕಿನ ಕುರಿತು ಮಾತು ಬಂದಾಗ, ಅದನ್ನು ಓಡಿಸಬೇಕೇ ಬೇಡವೇ ಎಂಬ ವಾದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಗಳು ಬೇರೆ. ಅದರ ಮಲವನ್ನು ದಿನವೂ ತೆಗೆಯುವವರು ಯಾರು? ಅದಕ್ಕೆ ಲಸಿಕೆ ಆಗಿದೆಯೇ? ಕುಡಿಯುವ ನೀರು ಕುದಿಸಿದ್ದೇ? ಮನೆಯ ಗಂಡಸರು ಮಲ ತೆಗೆಯುವ ಕೆಲಸವನ್ನು ಒಂಬತ್ತು ತಿಂಗಳು ತಮ್ಮ ಪಾಲಿಗೆ ತೆಗೆದುಕೊಂಡರೆ ತಾಯಿ, ಮಗು ಮತ್ತು ಬೆಕ್ಕು ಮೂವರೂ ಒಂದೇ ಸೂರಿನಡಿ ಸುರಕ್ಷಿತವಾಗಿರಬಹುದು.