ಗುಂಡು ಹಾರಿದ ಮೇಲೆ

ಬೇಟೆಯ ವರ್ಣನೆಗೆ ನಮ್ಮ ಹಳೆಯ ಕಾವ್ಯಗಳಲ್ಲಿ ಕೊರತೆಯಿಲ್ಲ. ಬಲೆ ಹರಡುವ ಬೇಡರು, ಹಗ್ಗ ಹರಿದು ನುಗ್ಗುವ ನಾಯಿಗಳು, ಕಿವಿಯವರೆಗೆ ಸೆಳೆದ ಬಿಲ್ಲು, ಬೆದರಿ ಹಿಂತಿರುಗಿ ನೋಡುವ ಜಿಂಕೆಯ ಕಣ್ಣು, ಇವೆಲ್ಲವನ್ನೂ ಕವಿಗಳು ಮನವಾರೆ ಬಣ್ಣಿಸಿದ್ದಾರೆ. ಶಾಕುಂತಲದ ಮೊದಲ ಅಂಕ ತೆರೆಯುವುದೇ ಜಿಂಕೆಯನ್ನು ಬೆನ್ನಟ್ಟಿ ಬರುವ ದುಷ್ಯಂತನ ರಥದಿಂದ. ಆದರೆ ಬಾಣ ನಾಟಿ ಬಿದ್ದ ಮೃಗವನ್ನು ಕಾಡಿನಿಂದ ಊರಿಗೆ ತಂದವರು ಯಾರು, ಹೇಗೆ ತಂದರು ಎಂಬ ಪ್ರಶ್ನೆಗೆ ಕಾವ್ಯವು ಬಹುಮಟ್ಟಿಗೆ ಮೌನ ತಾಳುತ್ತದೆ. ರಾಜನು ಬಿಲ್ಲನ್ನು ಇಳಿಸಿದನೆಂದರೆ ಬೇಟೆ ಮುಗಿದಂತೆ. ಹೊರೆ ಹೊತ್ತ ಆಳುಗಳ ಹೆಗಲಿನ ನೋವು ಛಂದಸ್ಸಿಗೆ ದಕ್ಕಲಿಲ್ಲ.

ರಾಜನೂ ಆಳೂ ಒಬ್ಬನೇ ಆಗಿರುವ ನಾಡಿನಲ್ಲಿ ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳುವಂತಿಲ್ಲ. ಅಮೆರಿಕದ ಉತ್ತರದಲ್ಲಿ ಮಹಾಸರೋವರಗಳ ನಡುವೆ ಚಾಚಿಕೊಂಡಿರುವ ಮಿಷಿಗನ್ ರಾಜ್ಯವನ್ನೇ ನೋಡಬಹುದು. ಅಲ್ಲಿ ಪ್ರತಿವರ್ಷ ನವೆಂಬರ್ 15ರಂದು ಬಂದೂಕಿನ ಜಿಂಕೆ ಬೇಟೆಯ ಋತು ಆರಂಭವಾಗುತ್ತದೆ. ಕಾರ್ಖಾನೆಯ ಕೆಲಸಗಾರ, ಶಾಲೆಯ ಉಪಾಧ್ಯಾಯ, ಅಂಗಡಿಯ ಗುಮಾಸ್ತ, ಎಲ್ಲರೂ ಕಣ್ಣು ಕೋರೈಸುವ ಕಿತ್ತಳೆ ಬಣ್ಣದ ಉಡುಪು ತೊಟ್ಟು ಬೆಳಕು ಹರಿಯುವ ಮೊದಲೇ ಕಾಡು ಸೇರುತ್ತಾರೆ. ಕಿತ್ತಳೆ ಬಣ್ಣ ಅಲಂಕಾರಕ್ಕಲ್ಲ. ಮನುಷ್ಯನನ್ನು ಮನುಷ್ಯನೇ ಜಿಂಕೆಯೆಂದು ಭ್ರಮಿಸಿ ಗುಂಡು ಹಾರಿಸದಿರಲೆಂದು ಕಾನೂನು ವಿಧಿಸಿದ ಕವಚ.

ಹತ್ತೊಂಬತ್ತನೆಯ ಶತಮಾನದಲ್ಲಿ ಮಾಂಸ ಮತ್ತು ಚರ್ಮದ ವ್ಯಾಪಾರಕ್ಕಾಗಿ ಮಿತಿಯಿಲ್ಲದೆ ಕೊಂದ ಫಲವಾಗಿ, 1900ರ ಸುಮಾರಿಗೆ ಆ ದೇಶದ ಬಿಳಿಬಾಲದ ಜಿಂಕೆಗಳು ಕೆಲವು ಲಕ್ಷಗಳಿಗೆ ಇಳಿದಿದ್ದವು. ಬಳಿಕ ಕಾಯಿದೆಗಳು ಬಂದುವು, ಋತು ಗೊತ್ತಾಯಿತು, ರಹದಾರಿ ಕಡ್ಡಾಯವಾಯಿತು. ಜಿಂಕೆಗಳು ಮತ್ತೆ ಹೆಚ್ಚಿ ಇಂದು ಸುಮಾರು 3 ಕೋಟಿ ಎಂಬ ಅಂದಾಜಿದೆ. ಅವುಗಳನ್ನು ತಿನ್ನುತ್ತಿದ್ದ ತೋಳ ಮತ್ತು ಪ್ಯೂಮಾಗಳು ಬಹುಭಾಗದಲ್ಲಿ ಅಳಿದುಹೋದುದರಿಂದ ಎಳೆಯ ಸಸಿಗಳು ಜಿಂಕೆಯ ಬಾಯಿಗೆ, ಜಿಂಕೆಗಳು ಮೋಟಾರಿನ ಗಾಲಿಗೆ ತುತ್ತಾಗುತ್ತಿವೆ. ಆದಕಾರಣ ಅಲ್ಲಿನ ಸರ್ಕಾರಗಳು ಬೇಟೆಯನ್ನು ಲೆಕ್ಕವಿಟ್ಟು ನಡೆಸುತ್ತವೆ. ಅದನ್ನು ‘ಸುಗ್ಗಿ’ ಎಂಬರ್ಥದ ಪದದಿಂದಲೇ ಕರೆಯುತ್ತವೆ. ಕನ್ನಡದ ಕಿವಿಗೆ ಈ ಮಾತು ವಿಚಿತ್ರವಾಗಿ ಕೇಳಿಸೀತು. ಆದರೆ ಸುಗ್ಗಿಯೆಂದ ಮೇಲೆ ಕೊಯ್ದದ್ದನ್ನು ಕಣಕ್ಕೆ ತರುವ ಹೊಣೆಯೂ ಕೊಯ್ದವನದೇ. ಹೊಲದಲ್ಲಿ ಕೊಳೆಯಲು ಬಿಟ್ಟ ಪೈರು ಸುಗ್ಗಿಯಾಗುವುದಿಲ್ಲ.

ಮೊದಲು ಕತ್ತಿ, ಆಮೇಲೆ ಹಗ್ಗ

ಗುಂಡು ಹಾರಿದ ಕ್ಷಣದಿಂದ ಬೇಟೆಗಾರನ ಎದುರಾಳಿ ಜಿಂಕೆಯಲ್ಲ, ಕಾಲ. ಮಿಷಿಗನ್ನಿನ ನಿಯಮದಂತೆ ಮೃಗವನ್ನು ಕದಲಿಸುವ ಮೊದಲೇ ಅದಕ್ಕೆ ರಹದಾರಿಯ ಚೀಟಿಯನ್ನು ಕಟ್ಟಬೇಕು. 2022ರಿಂದ 72 ಗಂಟೆಗಳೊಳಗೆ ಇಲಾಖೆಗೆ ವರದಿಯನ್ನೂ ಒಪ್ಪಿಸಬೇಕು. ಚೀಟಿ ಕಟ್ಟಿದೊಡನೆ ಹೊಟ್ಟೆಯನ್ನು ಸೀಳಿ ಕರುಳು, ಜಠರಗಳನ್ನು ತೆಗೆಯುತ್ತಾರೆ. ಸತ್ತ ದೇಹದ ಒಳಗಿನ ಬಿಸಿ ಹೊರಬೀಳದಿದ್ದರೆ ಮಾಂಸ ಹಳಸುತ್ತದೆ. ಜೊತೆಗೆ ಭಾರವೂ ಸುಮಾರು ಐದನೆಯ ಒಂದು ಭಾಗದಷ್ಟು ಇಳಿಯುತ್ತದೆ. 80 ಕಿಲೋ ತೂಗುವ ಗಂಡುಜಿಂಕೆ 64ರ ಆಸುಪಾಸಿಗೆ ಬರುತ್ತದೆಂದರೆ, ಎಳೆಯುವವನಿಗೆ ಅದು ಸಣ್ಣ ಲಾಭವಲ್ಲ.

ಇನ್ನು ಎಳೆಯುವ ವಿದ್ಯೆ. ಹಿಂಗಾಲು ಹಿಡಿದು ಎಳೆಯುವುದು ಹೊಸಬರ ಸಹಜ ಬುದ್ಧಿ. ಅದೇ ಅವರ ಮೊದಲ ತಪ್ಪು. ಜಿಂಕೆಯ ಕೂದಲು ತಲೆಯಿಂದ ಬಾಲದ ಕಡೆಗೆ ಒರಗಿರುತ್ತದೆ. ತಲೆಯನ್ನು ಮುಂದಿಟ್ಟು ಎಳೆದರೆ ಕೂದಲು ನೆಲದ ಮೇಲೆ ಜಾರುತ್ತದೆ. ಬಾಲದ ಕಡೆಯಿಂದ ಎಳೆದರೆ ಒಂದೊಂದು ಕೂದಲೂ ಎದ್ದುನಿಂತು ನೆಲವನ್ನು ಕಚ್ಚುತ್ತದೆ. ಬೆಕ್ಕಿನ ಬೆನ್ನನ್ನು ತಿರುವುಮುರುವಾಗಿ ಸವರಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಹಗ್ಗವನ್ನು ಕೊಂಬಿನ ಬುಡಕ್ಕೆ, ಕೊಂಬಿಲ್ಲದ ಹೆಣ್ಣಾದರೆ ಕೊರಳಿಗೆ, ಬಿಗಿಯುತ್ತಾರೆ. ಮುಂಗಾಲುಗಳನ್ನು ಮಡಿಸಿ ತಲೆಯ ಜೊತೆಗೆ ಕಟ್ಟುತ್ತಾರೆ. ಇಲ್ಲವಾದರೆ ಅವು ಪೊದೆಪೊದೆಗೂ ಸಿಕ್ಕಿಕೊಳ್ಳುತ್ತವೆ. ಮೂತಿಗೆ ಇನ್ನೊಂದು ಸುತ್ತು ಹಾಕಿದರೆ ತಲೆ ಪಕ್ಕಕ್ಕೆ ಹೊರಳದೆ ನೇರವಾಗಿ ಬರುತ್ತದೆ. ಹಗ್ಗದ ಇನ್ನೊಂದು ತುದಿಗೆ ಗೇಣುದ್ದದ ಗಟ್ಟಿ ಕೋಲನ್ನು ಕಟ್ಟಿ ಹಿಡಿಯಾಗಿಸಿಕೊಳ್ಳುವುದು ಹಳೆಯ ಕ್ರಮ. ಈಚಿನವರು ಹೆಗಲಿಗೂ ಎದೆಗೂ ಅಗಲವಾದ ಪಟ್ಟಿ ತೊಟ್ಟು, ನೊಗಕ್ಕೆ ಹೂಡಿದ ಎತ್ತಿನಂತೆ ಮುಂದಕ್ಕೆ ಬಾಗಿ ನಡೆಯುತ್ತಾರೆ. ಹಗ್ಗ ಮೋಟಾಗಿರಬೇಕೆಂಬುದು ಅನುಭವಿಗಳ ಮಾತು. ಆಗ ಜಿಂಕೆಯ ತಲೆಯೂ ಭುಜವೂ ನೆಲದಿಂದ ತುಸು ಮೇಲೇಳುತ್ತವೆ. ಮೇಲೆದ್ದಷ್ಟೂ ತಿಕ್ಕಾಟ ಕಡಿಮೆ.

ಹಿಮದ ಉಪಕಾರ

ಹಿಮ ಬಿದ್ದ ವರ್ಷ ಬೇಟೆಗಾರ ಭಾಗ್ಯವಂತ. ಒಣಗಿದ ಎಲೆ, ಬೇರು, ಕಲ್ಲುಗಳ ಮೇಲೆ ಒಂದು ಹೆಜ್ಜೆ ಎಳೆಯುವ ಶ್ರಮದಲ್ಲಿ ಹಿಮದ ಮೇಲೆ ಹಲವು ಹೆಜ್ಜೆ ಸಾಗಬಹುದು. ಇದನ್ನು ಬಿಳಿಯರಿಗಿಂತ ಬಹಳ ಹಿಂದೆಯೇ ಅಲ್ಲಿನ ಆದಿನಿವಾಸಿಗಳು ಕಂಡುಕೊಂಡಿದ್ದರು. ತೆಳುವಾದ ಹಲಗೆಯ ಮುಂತುದಿಯನ್ನು ಆವಿಯಲ್ಲಿ ಬಾಗಿಸಿ ಮಾಡಿದ ‘ಟೊಬಾಗನ್’ ಎಂಬ ಜಾರುಬಂಡಿಯ ಹೆಸರೇ ಅವರ ಆಲ್ಗಾಂಕಿಯನ್ ಭಾಷಾವರ್ಗದಿಂದ ಫ್ರೆಂಚರ ಮೂಲಕ ಇಂಗ್ಲಿಷಿಗೆ ಬಂದದ್ದು. ಪಶ್ಚಿಮದ ಬಯಲಿನ ಜನರು ಎರಡು ಗಳುಗಳನ್ನು ನಾಯಿಯ ಹೆಗಲಿಗೆ ಕಟ್ಟಿ, ಹಿಂತುದಿಗಳನ್ನು ನೆಲದ ಮೇಲೆ ಎಳೆಯಬಿಟ್ಟು, ನಡುವೆ ಹೊರೆಯಿಡುತ್ತಿದ್ದರು. ಕುದುರೆ ಬಂದ ಮೇಲೆ ಅದೇ ಗಳುಗಳು ಕುದುರೆಗೆ ಬಂದುವು. ಚಕ್ರವಿಲ್ಲದ ಬಂಡಿಯೆಂದು ಅದನ್ನು ಹಗುರವಾಗಿ ಕಾಣಬೇಕಾಗಿಲ್ಲ; ಹಾದಿಯಿಲ್ಲದಲ್ಲಿ ಚಕ್ರವೇ ಹೊರೆ.

ಇಂದಿನ ಬೇಟೆಗಾರ ಪ್ಲಾಸ್ಟಿಕ್ಕಿನ ದೋಣಿಯಾಕಾರದ ಜಾರುಬಂಡಿಯನ್ನೋ, ಸುರುಳಿ ಸುತ್ತಿ ಬೆನ್ನಿಗೆ ಹಾಕಿಕೊಳ್ಳಬಹುದಾದ ಗಟ್ಟಿ ಹಾಳೆಯನ್ನೋ ಒಯ್ಯುತ್ತಾನೆ. ಕಾಡುದಾರಿ ಚೊಕ್ಕಟವಾಗಿದ್ದರೆ ಸೈಕಲ್ಲಿನಂಥ ಎರಡು ಚಕ್ರಗಳ ಕೈಗಾಡಿ ಎಲ್ಲಕ್ಕಿಂತ ಲೇಸು. ಬಿದ್ದ ಮರ, ಜೌಗು ನೆಲ ಅಡ್ಡ ಬಂದರೆ ಗಾಡಿಯನ್ನೂ ಜಿಂಕೆಯನ್ನೂ ಎರಡನ್ನೂ ಎತ್ತಬೇಕಾದೀತು. ಹಳೆಯ ಚಿತ್ರಗಳಲ್ಲಿ ಕಾಣುವಂತೆ ಗಳುವಿಗೆ ನೇತುಹಾಕಿ ಇಬ್ಬರು ಹೊರುವುದು ನೋಡಲು ಚೆಂದ, ಹೊರಲು ಕಷ್ಟ. ಜೋತಾಡುವ ಭಾರ ಹೆಜ್ಜೆಹೆಜ್ಜೆಗೂ ಹೊತ್ತವರನ್ನು ತೂಗಾಡಿಸುತ್ತದೆ. ಪೊದೆಗಳ ನಡುವೆ ಅಲುಗುವ ಕೊಂಬನ್ನು ಕಂಡು ಇನ್ನೊಬ್ಬ ಬೇಟೆಗಾರ ಬಂದೂಕನ್ನೆತ್ತುವ ಭಯವೂ ಉಂಟು. ಆದ್ದರಿಂದ ಸತ್ತ ಜಿಂಕೆಗೂ ಕಿತ್ತಳೆ ಬಟ್ಟೆ ಸುತ್ತುತ್ತಾರೆ.

ದೂರ ಬಹಳವಾದರೆ ಇಡೀ ದೇಹವನ್ನು ತರುವ ಹಟ ಬಿಟ್ಟು, ಕಾಡಿನಲ್ಲೇ ಭಾಗ ಮಾಡಿ ಬೆನ್ನಿನ ಮೇಲೆ ಕಂತುಕಂತಾಗಿ ಹೊರುತ್ತಾರೆ. ಈ ಪದ್ಧತಿಗೆ ಈಚೆಗೆ ಇನ್ನೊಂದು ಕಾರಣವೂ ಸೇರಿದೆ. 1967ರಲ್ಲಿ ಕೊಲೊರಾಡೊದಲ್ಲಿ ಸಾಕಿದ ಜಿಂಕೆಗಳಲ್ಲಿ ಮೊದಲು ಕಂಡ ಒಂದು ಕ್ಷಯಿಸುವ ಮಿದುಳುರೋಗ 2015ರಲ್ಲಿ ಮಿಷಿಗನ್ನಿನ ಕಾಡುಜಿಂಕೆಗಳಲ್ಲೂ ಕಾಣಿಸಿಕೊಂಡಿತು. ‘ಪ್ರಯಾನ್’ ಎಂಬ ಕೆಟ್ಟ ಪ್ರೋಟೀನಿನಿಂದ ಬರುವ ಈ ವ್ಯಾಧಿಗೆ ಮದ್ದಿಲ್ಲ. ಅದರ ವಿಷ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಮನುಷ್ಯರಿಗೆ ತಗುಲಿದ ದೃಷ್ಟಾಂತ ದೊರೆತಿಲ್ಲವಾದರೂ ರೋಗವಿದ್ದ ಜಿಂಕೆಯ ಮಾಂಸ ಕೂಡದೆಂದು ಆರೋಗ್ಯ ಇಲಾಖೆಯವರು ಎಚ್ಚರಿಸುತ್ತಾರೆ. ಸೋಂಕಿನ ಪ್ರದೇಶದಿಂದ ತಲೆಯನ್ನೂ ಬೆನ್ನುಮೂಳೆಯನ್ನೂ ಹೊರಗೆ ಸಾಗಿಸದಂತೆ ಅನೇಕ ರಾಜ್ಯಗಳು ನಿರ್ಬಂಧ ಹೇರಿವೆ.

ಎಳೆಯುವವನ ಎದೆ

ಇಷ್ಟೆಲ್ಲ ಉಪಾಯಗಳ ಹಿಂದೆ ಕೇವಲ ಸುಖದ ಆಸೆಯಿಲ್ಲ, ಪ್ರಾಣದ ಪ್ರಶ್ನೆಯಿದೆ. ವರ್ಷವೆಲ್ಲ ಕುರ್ಚಿಯಲ್ಲಿ ಕುಳಿತ ಐವತ್ತರ ಪ್ರಾಯದ ಗೃಹಸ್ಥ, ಕೊರೆಯುವ ಚಳಿಯಲ್ಲಿ, ಗೆಲುವಿನ ಉದ್ವೇಗದಲ್ಲಿ, ಏಕಾಕಿಯಾಗಿ ಅರುವತ್ತು ಕಿಲೋ ಭಾರವನ್ನು ದಿಬ್ಬ ಹತ್ತಿಸತೊಡಗುತ್ತಾನೆ. ಚಳಿ ರಕ್ತನಾಳಗಳನ್ನು ಕುಗ್ಗಿಸುತ್ತದೆ, ಶ್ರಮ ಹೆಚ್ಚು ರಕ್ತವನ್ನು ಬೇಡುತ್ತದೆ. ನಡುವೆ ಸಿಕ್ಕಿದ ಹೃದಯ ಸೋಲುತ್ತದೆ. 2007ರಲ್ಲಿ ಪ್ರಕಟವಾದ ಮಿಷಿಗನ್ ವೈದ್ಯರ ಅಧ್ಯಯನವೊಂದರಲ್ಲಿ 25 ಮಂದಿ ಬೇಟೆಗಾರರ ಎದೆಬಡಿತವನ್ನು ಕಾಡಿನಲ್ಲೇ ದಾಖಲಿಸಿದರು. ವೈದ್ಯಶಾಲೆಯ ಓಟದ ಯಂತ್ರದ ಮೇಲೆ ಮುಟ್ಟಿದ ಅತ್ಯಧಿಕ ಬಡಿತವನ್ನು ಹಲವರು ಕಾಡಿನಲ್ಲಿ ಮೀರಿದ್ದರು. ಆದುದರಿಂದ ವೈದ್ಯರ ಬುದ್ಧಿವಾದ ಸರಳವಾಗಿದೆ: ಒಬ್ಬನೇ ಎಳೆಯಬೇಡ, ನೂರು ಹೆಜ್ಜೆಗೊಮ್ಮೆ ನಿಲ್ಲು, ಎದೆಯಲ್ಲೋ ತೋಳಿನಲ್ಲೋ ನೋವು ಕಂಡರೆ ಹಗ್ಗವನ್ನು ಕೈಬಿಡು.

ಕುದುರೆಯ ಬೆನ್ನು

ಸ್ಕಾಟ್ಲೆಂಡಿನ ಗುಡ್ಡಗಾಡಿನವರು ಈ ಭಾರವನ್ನು ಬೇರೊಂದು ಬೆನ್ನಿಗೆ ವರ್ಗಾಯಿಸಿದ್ದಾರೆ. ಅಲ್ಲಿನ ಕೆಂಜಿಂಕೆಯ ಗಂಡು ಕರುಳು ತೆಗೆದ ಮೇಲೂ ಹಲವೊಮ್ಮೆ 80–90 ಕಿಲೋ ತೂಗುತ್ತದೆ. ಅದನ್ನು ಹೊರುವುದು ಗಿಡ್ಡಕಾಲಿನ, ಗಟ್ಟಿಮೈಯ ಹೈಲೆಂಡ್ ತಟ್ಟು. ಇದಕ್ಕೆಂದೇ ಮಾಡಿದ ಜೀನುಗಳಿಗೆ ಗ್ಲೆನ್ ಸ್ಟ್ರಾತ್‌ಫ್ಯಾರರ್, ಗ್ಲೆನ್‌ಕೋಯಿಕ್ ಎಂದು ಕಣಿವೆಗಳ ಹೆಸರುಗಳಿವೆ. ರಕ್ತದ ವಾಸನೆಗೆ ಬೆದರದಂತೆ ತಟ್ಟುವನ್ನು ಮೊದಲೇ ಪಳಗಿಸುತ್ತಾರೆ. ಕೊಂಬು ಅದರ ಪಕ್ಕೆಗೆ ಚುಚ್ಚದಂತೆ ಜಿಂಕೆಯ ತಲೆಯನ್ನು ತಿರುಗಿಸಿ ಬಿಗಿಯುತ್ತಾರೆ. ಎಂಟು ಚಕ್ರದ ಯಂತ್ರವಾಹನಗಳು ಬಂದು ಬಹಳ ಕಡೆ ತಟ್ಟುಗಳು ಮರೆಯಾದರೂ, ಮೆತ್ತನೆಯ ಜೌಗುನೆಲವನ್ನು ಚಕ್ರಗಳು ಸೀಳುತ್ತವೆಂದು ಕೆಲವು ಜಮೀನುಗಳವರು ಅವನ್ನು ಬಿಟ್ಟಿಲ್ಲ. ಬೇಟೆಗೆ ನೆರವಾಗುವವನನ್ನು ಅಲ್ಲಿ ‘ಗಿಲ್ಲಿ’ ಎನ್ನುತ್ತಾರೆ. ಗೇಲಿಕ್ ಭಾಷೆಯಲ್ಲಿ ಆ ಮಾತಿಗೆ ಹುಡುಗ, ಆಳು ಎಂದರ್ಥ. ನಮ್ಮ ಕಾವ್ಯಗಳು ಮರೆತ ಆ ಆಳಿಗೆ ಅಲ್ಲಿ ಒಂದು ಹೆಸರಾದರೂ ಉಳಿದಿದೆ.

ಕರ್ನಾಟಕದಲ್ಲಿ ಈ ವಿದ್ಯೆಯನ್ನು ಪ್ರಯೋಗಿಸುವಂತಿಲ್ಲ, ಪ್ರಯೋಗಿಸಲೂ ಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಇಲ್ಲಿ ಜಿಂಕೆ ಬೇಟೆ ದಂಡನಾರ್ಹ ಅಪರಾಧ. ಇಲ್ಲಿನ ಕಾಡಿನಲ್ಲಿ ಜಿಂಕೆಗಳನ್ನು ಮಿತಿಯಲ್ಲಿಡಲು ಹುಲಿ, ಚಿರತೆ, ಸೀಳುನಾಯಿಗಳು ಇನ್ನೂ ಉಳಿದಿವೆ. ಅವು ಹಗ್ಗವನ್ನೂ ಕೇಳುವುದಿಲ್ಲ, ಗಾಡಿಯನ್ನೂ ಕೇಳುವುದಿಲ್ಲ.

ಮಿಷಿಗನ್ನಿನ ಮುದಿ ಬೇಟೆಗಾರನಾದರೋ ಬಂದೂಕನ್ನೆತ್ತುವ ಮುನ್ನ ಎರಡನ್ನು ಅಳೆಯುತ್ತಾನೆ: ಜಿಂಕೆಗೂ ತನಗೂ ಇರುವ ದೂರ, ಜಿಂಕೆಗೂ ಹಾದಿಗೂ ಇರುವ ದೂರ. ನಡುವೆ ಕಡಿದಾದ ಕಣಿವೆಯೋ ಮೊಣಕಾಲುದ್ದದ ಕೆಸರೋ ಇದ್ದು, ಸೂರ್ಯ ಇಳಿಯತೊಡಗಿದ್ದರೆ, ಎದುರಿಗೆ ನಿಂತ ಒಳ್ಳೆಯ ಕೊಂಬಿನ ಜಿಂಕೆಯನ್ನು ಸುಮ್ಮನೆ ನೋಡಿ ಕಳುಹಿಸಿಕೊಡುತ್ತಾನೆ.