ಕ್ವಾರಂಟೈನ್ ಬಿಲ್ ಕಟ್ಟೋದು ಯಾರು?

ಶೆಟ್ಟಿಹಳ್ಳಿಯ ನಮ್ಮ ಪಕ್ಕದ ಮನೆ ಆಂಟಿ, ಐದು ತಿಂಗಳ ಬಸುರಿ ಮಗಳನ್ನು ಕರೆದುಕೊಂಡು 2020ರ ಮೇ ಕೊನೆಯಲ್ಲಿ ದುಬೈನಿಂದ ಬಂದಿಳಿದರು. ದೇವನಹಳ್ಳಿ ಏರ್‌ಪೋರ್ಟಿನಿಂದ ಸೀದಾ ಹೋಟೆಲಿಗೆ! ‘ಸರ್ಕಾರಾನೇ ಕರ್ಕೊಂಡು ಹೋಗ್ತಿದೆ, ಖರ್ಚೂ ಅವರದೇ’ ಅಂದುಕೊಂಡಿದ್ದವರ ಕೈಗೆ ಏಳು ದಿನದ ಬಿಲ್ ಬಂತು.

ವಿಮಾನ ಹತ್ತುವ ಮೊದಲೇ ಅವರು ಮುಚ್ಚಳಿಕೆಗೆ ಸಹಿ ಹಾಕಿದ್ದರು. ಏಳು ದಿನ ಸ್ವಂತ ಖರ್ಚಿನಲ್ಲಿ, ಮತ್ತೆ ಏಳು ದಿನ ಮನೆಯಲ್ಲಿ ಕ್ವಾರಂಟೈನ್ ಎಂಬುದು ಕೇಂದ್ರದ ಅಂದಿನ ನಿಯಮ. ಗರ್ಭಿಣಿಯರು, ಹತ್ತು ವರ್ಷದೊಳಗಿನ ಮಕ್ಕಳಿರುವ ತಂದೆತಾಯಿ, ತೀವ್ರ ಕಾಯಿಲೆಯವರು, ಮನೆಯಲ್ಲಿ ಸಾವಾದವರು ಇವರಿಗೆಲ್ಲ 14 ದಿನವೂ ಮನೆಯಲ್ಲೇ ಇರಲು ರಾಜ್ಯ ಸರ್ಕಾರ ಅನುಮತಿ ಕೊಡಬಹುದಿತ್ತು. ಪಾಪ, ಆಂಟಿ ಕೇಳಲೇ ಇಲ್ಲ!

ಹೊರದೇಶಗಳಲ್ಲೂ ಇದೇ ಕಥೆ. ಬ್ರಿಟನ್ 2021ರ ಫೆಬ್ರವರಿ 15ರಿಂದ ‘ಕೆಂಪು ಪಟ್ಟಿ’ ದೇಶಗಳಿಂದ ಬಂದ ಒಂಟಿ ವಯಸ್ಕ ಪ್ರಯಾಣಿಕರಿಂದ 1,750 ಪೌಂಡ್ ವಸೂಲಿ ಮಾಡಿತು, ಬುಕಿಂಗ್ ವೇಳೆಯೇ. ಸಿಡ್ನಿಯಲ್ಲಿ 2020ರ ಜುಲೈ 18ರಿಂದ ಒಂಟಿಯಾಗಿ ಬಂದ ವಯಸ್ಕರಿಗೆ 3,000 ಡಾಲರ್. ಅಲ್ಲಿ ಬಿಲ್ ಆಮೇಲೆ ಬರುತ್ತಿತ್ತು, ಕಷ್ಟದಲ್ಲಿದ್ದವರು ಕಂತು ಕೇಳಬಹುದಿತ್ತು.

ಆ ನಿಯಮಗಳು ಈಗಿಲ್ಲ. ಆದರೆ ಮುಂದೆ ಇಂಥ ಸಂದರ್ಭ ಬಂದರೆ ನೆನಪಿರಲಿ:

* ಓದದೆ ಸಹಿ ಹಾಕಬೇಡಿ. ಖರ್ಚು ಯಾರದ್ದೆಂದು ಮೊದಲೇ ಕೇಳಿ.
* ವಿನಾಯಿತಿ ಇದೆಯಾ ವಿಚಾರಿಸಿ. ಡಾಕ್ಟರ ಚೀಟಿ ಕೈಚೀಲದಲ್ಲೇ ಇರಲಿ.
* ದಿನದ ಬಾಡಿಗೆಯಲ್ಲಿ ಊಟ ಸೇರಿದೆಯಾ ತಿಳಿದುಕೊಳ್ಳಿ.
* ರಸೀದಿ ಜೋಪಾನ. ಇನ್ಶೂರೆನ್ಸ್ ಏನೇನು ಕೊಡುತ್ತದೆಂದು ಹೊರಡುವ ಮೊದಲೇ ನೋಡಿ.

ಕೇಳೋಕೆ ಸಂಕೋಚ ಯಾಕೆ? ಕೇಳಿದರೆ ಉಳಿಯೋದು ನಮ್ಮ ಮನೆ ದುಡ್ಡೇ ಅಲ್ವಾ!